ಕೆಡವುವುದಕ್ಕೂ ಖರ್ಚು

ಕಾಲು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಇದು ಗೊತ್ತಿರುತ್ತದೆ. ಬಿಚ್ಚಿದ ದಿನ ಒಳಗಿನಿಂದ ಹೊರಬರುವುದು ತಮ್ಮದೇ ಕಾಲು ಎಂದು ನಂಬಿಕೆ ಬರುವುದಿಲ್ಲ. ಮೀನಖಂಡ ಬತ್ತಿ ಹೋಗಿರುತ್ತದೆ, ಚರ್ಮ ಜೋತುಬಿದ್ದಿರುತ್ತದೆ. ಊಟಕ್ಕೇನೂ ಕಡಿಮೆಯಾಗಿರಲಿಲ್ಲ, ಜ್ವರವೂ ಬಂದಿರಲಿಲ್ಲ. ಕೆಲಸವಿಲ್ಲದ್ದಕ್ಕೆ ಸ್ನಾಯು ಕರಗಿದೆ ಎಂದು ಡಾಕ್ಟರು ವ್ಯಾಯಾಮ ಬರೆದುಕೊಟ್ಟು ಕಳಿಸುತ್ತಾರೆ. ಕರಗಿಸಿದ್ದು ಯಾರು, ಹೇಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. 1960ರ ದಶಕದಲ್ಲಿ ಹಾರ್ವರ್ಡ್‌ನ ಒಬ್ಬ ಸಂಶೋಧನಾ ವಿದ್ಯಾರ್ಥಿ ಕೇಳಿದರು, ಮತ್ತೆ ಸಾಯುವತನಕ ಆ ಪ್ರಶ್ನೆಯನ್ನು ಬಿಡಲಿಲ್ಲ. ಆಲ್ಫ್ರೆಡ್ ಗೋಲ್ಡ್‌ಬರ್ಗ್ 1942ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡರು. ನಡುವಿನ ಬಹುತೇಕ ಆಯುಷ್ಯವೆಲ್ಲ ಹಾರ್ವರ್ಡ್‌ನಲ್ಲೇ ಕಳೆಯಿತು.

ಅವರ ಮೊದಲ ಪ್ರಯೋಗಗಳು ಇಲಿಗಳ ಕಾಲಿನ ಮೇಲೆ. ಮೀನಖಂಡದ ದೊಡ್ಡ ಸ್ನಾಯುವಿನ ಸ್ನಾಯುರಜ್ಜುವನ್ನು ಕತ್ತರಿಸಿದರೆ ಅದರಡಿಯ ಚಿಕ್ಕ ಸ್ನಾಯುವೊಂದೇ ಭಾರವನ್ನೆಲ್ಲ ಹೊರಬೇಕು. ಕೆಲವೇ ದಿನಗಳಲ್ಲಿ ಅದು ಉಬ್ಬುತ್ತದೆ. ಪಿಟ್ಯುಟರಿ ಗ್ರಂಥಿಯನ್ನೇ ತೆಗೆದ, ಅಂದರೆ ಬೆಳವಣಿಗೆಯ ಹಾರ್ಮೋನಿಲ್ಲದ ಇಲಿಗಳಲ್ಲೂ ಉಬ್ಬಿತು. ತಿರುಗುಮುರುಗಾಗಿ, ನರ ಕತ್ತರಿಸಿ ಸ್ನಾಯುವನ್ನು ಸುಮ್ಮನೆ ಕೂರಿಸಿದರೆ ಅದು ಬತ್ತಿತು. ಪ್ರೋಟೀನ್ ತಯಾರಿಕೆ ತಗ್ಗುವುದರ ಜೊತೆಗೆ ಇದ್ದ ಪ್ರೋಟೀನ್ ಒಡೆಯುವ ವೇಗ ಏರುತ್ತದೆ ಎಂಬುದು ಅವರಿಗೆ ಕಂಡ ಮುಖ್ಯ ಸಂಗತಿ. ಕೆರೆ ಬತ್ತಿದರೆ ಮಳೆಯನ್ನಷ್ಟೇ ದೂರಿದರೆ ಸಾಲದು, ತೂಬನ್ನೂ ನೋಡಬೇಕು. ಆಗಿನ ಜೀವರಸಾಯನ ಶಾಸ್ತ್ರವೆಲ್ಲ ಮಳೆಯ ಹಿಂದೆ ಬಿದ್ದಿತ್ತು. ಡಿಎನ್‌ಎ, ಆರ್‌ಎನ್‌ಎ, ಸಂಕೇತ ಬಿಡಿಸುವುದು ಎಂದು ಎಲ್ಲರೂ ಪ್ರೋಟೀನ್ ಕಟ್ಟುವ ಬಗೆಯನ್ನೇ ಹುಡುಕುತ್ತಿದ್ದ ಕಾಲ. ತೂಬಿನ ಕಡೆ ಹೋದವರು ಬೆರಳೆಣಿಕೆಯ ಮಂದಿ.

ಒಡೆಯುವಿಕೆ ಎಂಬುದೊಂದು ಇದೆ ಎಂದು ತೋರಿಸಿದ್ದೇ 1930ರ ದಶಕದಲ್ಲಿ. ಅಲ್ಲಿಯವರೆಗೆ ದೇಹದ ಪ್ರೋಟೀನ್ ಎಂದರೆ ಮನೆಯ ಗೋಡೆ, ಉಣ್ಣುವ ಪ್ರೋಟೀನ್ ಎಂದರೆ ಒಲೆಯ ಸೌದೆ ಎಂಬ ನಂಬಿಕೆಯಿತ್ತು. ಹಿಟ್ಲರನ ಜರ್ಮನಿ ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದ ರುಡಾಲ್ಫ್ ಶೋನ್‌ಹೈಮರ್ ಅವರಿಗೆ ಅಲ್ಲೇ ಇದ್ದ ಹೆರಾಲ್ಡ್ ಯೂರಿಯವರ ಪ್ರಯೋಗಾಲಯದಿಂದ ಭಾರದ ನೈಟ್ರೋಜನ್ ಸಿಕ್ಕಿತು. ಅದನ್ನು ಸೇರಿಸಿದ ಅಮೈನೊ ಆಮ್ಲವನ್ನು ಇಲಿಗಳಿಗೆ ತಿನ್ನಿಸಿದರು. ಮೂತ್ರದಲ್ಲಿ ಹೊರಬರಬೇಕಿದ್ದ ನೈಟ್ರೋಜನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ದೇಹದ ಪ್ರೋಟೀನ್‌ಗಳಲ್ಲೇ ಕೂತಿತ್ತು. ಇಲಿಯ ತೂಕ ಮಾತ್ರ ಇದ್ದಷ್ಟೇ. ಹೊಸ ಇಟ್ಟಿಗೆ ಒಳಬಂದಿದ್ದರೆ ಹಳೆಯದು ಹೊರಗೆ ಹೋಗಿರಲೇಬೇಕು. ಗೋಡೆ ನಿಂತಂತೆಯೇ ಕಾಣುತ್ತಿತ್ತು, ಒಳಗೆ ದಿನವೂ ಕಿತ್ತು ಕಟ್ಟುವ ಕೆಲಸ ನಡೆದಿತ್ತು. 1941ರಲ್ಲಿ ಶೋನ್‌ಹೈಮರ್ ತೀರಿಕೊಂಡರು. ಈ ವಾದವನ್ನು ಮಂಡಿಸುವ ಅವರ ಪುಸ್ತಕ ಮರುವರ್ಷ ಬಂತು. ಎಲ್ಲರೂ ಒಪ್ಪಲಿಲ್ಲ. 1955ರಷ್ಟು ಈಚೆಗೂ ಪ್ಯಾರಿಸ್ಸಿನ ಜಾಕ್ ಮೊನೊ ಮತ್ತು ಸಂಗಡಿಗರು ಬೆಳೆಯುತ್ತಿರುವ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ಸ್ಥಿರವಾಗಿಯೇ ಇರುತ್ತದೆ ಎಂದು ತೋರಿಸಿ ಅನುಮಾನ ಎತ್ತಿದರು.

ಅದೇ ವರ್ಷ ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡುವೆ ಲೈಸೊಸೋಮ್ ಎಂಬ ಪುಟ್ಟ ಚೀಲಗಳ ಸುದ್ದಿ ಕೊಟ್ಟರು. ಜೀವಕೋಶದೊಳಗಿನ ಆಮ್ಲೀಯ ಜಠರಗಳು ಇವು. ಒಡೆಯುವ ಕೆಲಸವೆಲ್ಲ ಇಲ್ಲೇ ಎಂದು ಸಮಾಧಾನ ಮಾಡಿಕೊಳ್ಳುವುದು ಸುಲಭವಾಯಿತು. ನನಗೆ ಅನ್ನಿಸುವಂತೆ ಈ ಸಮಾಧಾನವೇ ಕ್ಷೇತ್ರವನ್ನು ಇಪ್ಪತ್ತು ವರ್ಷ ಹಿಂದಕ್ಕೆ ಹಿಡಿಯಿತು. ಯಾಕೆಂದರೆ ಇದಕ್ಕೆ ಹೊಂದದ ಒಂದು ಫಲಿತಾಂಶ 1953ರಲ್ಲೇ ಬಂದಿತ್ತು. ಮೆಲ್ವಿನ್ ಸಿಂಪ್ಸನ್ ಇಲಿಯ ಯಕೃತ್ತಿನ ತೆಳು ಹೋಳುಗಳನ್ನು ಇಟ್ಟುಕೊಂಡು, ಅವುಗಳಿಗೆ ಶಕ್ತಿ ಸಿಗದಂತೆ ಮಾಡಿದಾಗ ಪ್ರೋಟೀನ್ ಒಡೆಯುವುದೂ ತಗ್ಗಿದ್ದನ್ನು ಕಂಡಿದ್ದರು.

ಇದರಲ್ಲೇನು ವಿಶೇಷ ಎಂದು ಕೇಳಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವಲ್ಲ, ರಸಾಯನಶಾಸ್ತ್ರದ ಲೆಕ್ಕವೂ ಅದೇ. ಅಮೈನೊ ಆಮ್ಲಗಳನ್ನು ಪೋಣಿಸಲು ಶಕ್ತಿ ಬೇಕು, ಕತ್ತರಿಸಲು ಬೇಡ; ಉಂಡ ಬೇಳೆಯ ಪ್ರೋಟೀನನ್ನು ಜಠರದ ಪೆಪ್ಸಿನ್ ತುಂಡರಿಸುವಾಗ ಕಾಸೂ ಕೇಳುವುದಿಲ್ಲ. ಹಾಗಿರುವಾಗ ಜೀವಕೋಶ ತನ್ನದೇ ಮಡಕೆ ಒಡೆಯಲು ಎಟಿಪಿ ಎಂಬ ದುಬಾರಿ ನಾಣ್ಯವನ್ನು ಏಕೆ ತೆರುತ್ತದೆ? ಈ ಕ್ಷೇತ್ರ ಹುಟ್ಟಿದ್ದೇ ಈ ಒಂದು ಪ್ರಶ್ನೆಯಿಂದ.

ಗೋಲ್ಡ್‌ಬರ್ಗ್ ಮಾಡಿದ ಜಾಣತನವೆಂದರೆ ಲೈಸೊಸೋಮೇ ಇಲ್ಲದ ಕಡೆ ಹೋಗಿ ಹುಡುಕಿದ್ದು. ಮೊದಲು ಬ್ಯಾಕ್ಟೀರಿಯಾ. 1972ರಲ್ಲಿ ಅವರು ಇ. ಕೋಲೈಗೆ ಅರ್ಜಿನಿನ್ ಬದಲು ಅದರಂತೆಯೇ ತೋರುವ ಕೆನಾವನಿನ್ ಎಂಬ ನಕಲಿಯನ್ನು ಉಣಿಸಿದರು. ನಕಲಿ ಮಾಲಿನಿಂದ ಕಟ್ಟಿದ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಬ್ಯಾಕ್ಟೀರಿಯಾ ಅಂಥವನ್ನು ಆರಿಸಿ ಬೇಗಬೇಗ ಮುಗಿಸಿತು, ಒಳ್ಳೆಯದನ್ನು ಉಳಿಸಿಕೊಂಡಿತು. ಮೊನೊ ನೋಡಿದ್ದು ಒಳ್ಳೆಯದನ್ನು ಮಾತ್ರ. ಆಮೇಲೆ ಮೊಲದ ರಕ್ತ. ಫಿನೈಲ್‌ಹೈಡ್ರಜೀನ್ ಚುಚ್ಚಿದರೆ ಮೊಲಕ್ಕೆ ರಕ್ತಹೀನತೆಯಾಗಿ, ಮಜ್ಜೆ ಗಾಬರಿಬಿದ್ದು ಎಳೆಯ ಕೆಂಪು ಕಣಗಳನ್ನು ದಂಡಿಯಾಗಿ ಹೊರಬಿಡುತ್ತದೆ. ಅವುಗಳಲ್ಲಿ ಲೈಸೊಸೋಮ್ ಇರುವುದಿಲ್ಲ. 1977ರಲ್ಲಿ ಜೋಸೆಫ್ ಎಟ್ಲಿಂಗರ್ ಜೊತೆ ಆ ಕಣಗಳನ್ನು ಒಡೆದು, ಗಿರಗಿರನೆ ತಿರುಗಿಸಿ, ಮೇಲಿನ ಕೆಂಪು ತಿಳಿಯನ್ನು ತೆಗೆದರು. ಕೆಟ್ಟ ಪ್ರೋಟೀನ್ ಅದರಲ್ಲಿ ಸುಮ್ಮನೆ ಕೂತಿತ್ತು. ಎಟಿಪಿ ಹಾಕಿದೊಡನೆ ಒಡೆಯತೊಡಗಿತು. ಆಮ್ಲವೂ ಬೇಕಿರಲಿಲ್ಲ. ಸಿಂಪ್ಸನ್‌ರ ಒಗಟು ಮೊದಲ ಬಾರಿಗೆ ಪರೀಕ್ಷಾನಳಿಕೆಗೆ ಇಳಿದಿತ್ತು. ಇನ್ನು ಬಿಡಿಭಾಗಗಳನ್ನು ಬೇರ್ಪಡಿಸಿ ನೋಡಬಹುದಿತ್ತು.

ಹಾಗೆ ಬೇರ್ಪಡಿಸಿದವರು ಬೇರೆಯವರು. ಇಸ್ರೇಲಿನ ಹೈಫಾದಲ್ಲಿ ಆವ್ರಾಮ್ ಹರ್ಷ್ಕೊ ಮತ್ತು ಅವರ ವಿದ್ಯಾರ್ಥಿ ಆರನ್ ಸೀಹನೋವರ್ ಅದೇ ಕೆಂಪು ತಿಳಿಯನ್ನು ಸೋಸಿ ಎರಡು ಪಾಲು ಮಾಡಿದರು. ಯಾವ ಪಾಲೂ ಒಂಟಿಯಾಗಿ ಕೆಲಸ ಮಾಡಲಿಲ್ಲ, ಕೂಡಿಸಿದರೆ ಮಾಡಿತು. ಮೊದಲ ಪಾಲಿನ ತುಂಬ ಹಿಮೋಗ್ಲೋಬಿನ್ನೇ; ಅದರ ನಡುವೆ ಬೇಕಾದ್ದನ್ನು ಹುಡುಕುವುದು ಹೇಗೆ? ಕಾಯಿಸಿದರು. ಹಿಮೋಗ್ಲೋಬಿನ್ ಹಾಲೊಡೆದಂತೆ ಗಡ್ಡೆಗಟ್ಟಿ ತಳಕ್ಕಿಳಿಯಿತು. ಬೇಕಾಗಿದ್ದ ಪುಟ್ಟ ಪ್ರೋಟೀನಿಗೆ ಬಿಸಿ ತಾಕಲೇ ಇಲ್ಲ, ತಿಳಿಯಲ್ಲಿ ತೇಲುತ್ತಿತ್ತು. 1978ರಲ್ಲಿ ಇದು ಪ್ರಕಟವಾಯಿತು. ಅದೊಂದು ಕಿಣ್ವವಾಗಿರಬೇಕೆಂದು ಎಲ್ಲರ ಊಹೆ. ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದಲ್ಲಿ ಅರ್ವಿನ್ ರೋಸ್ ಜೊತೆ ನಡೆಸಿದ ಪ್ರಯೋಗಗಳಲ್ಲಿ ನಿಜ ಬೇರೆಯೇ ಎಂದಾಯಿತು: ಅದು ಕತ್ತರಿಸುವುದಿಲ್ಲ, ಕತ್ತರಿಸಬೇಕಾದ ಪ್ರೋಟೀನಿಗೆ ತಾನೇ ಹೋಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ರಸ್ತೆ ಅಗಲೀಕರಣಕ್ಕೆ ಮುಂಚೆ ಬಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರಲ್ಲ, ಹಾಗೆ. 76 ಅಮೈನೊ ಆಮ್ಲಗಳ ಆ ಪ್ರೋಟೀನನ್ನು 1975ರಲ್ಲೇ ಬೇರೆಯವರು ಬೇರ್ಪಡಿಸಿ, ಎಲ್ಲೆಲ್ಲೂ ಇದೆ ಎಂದುಕೊಂಡು ಯುಬಿಕ್ವಿಟಿನ್ ಎಂದು ಕರೆದಿದ್ದರು. ಎರಡೂ ಒಂದೇ ಎಂದು 1980ರಲ್ಲಿ ತಿಳಿಯಿತು. ಗುರುತು ಹಚ್ಚುವುದು ಮೂರು ಬಗೆಯ ಕಿಣ್ವಗಳ ಕೈಯಾಟ. ಎಟಿಪಿ ಖರ್ಚಾಗುವುದು ಅಲ್ಲಿ. ಕಂಡದ್ದನ್ನೆಲ್ಲ ಕೆಡವದೆ ಇಂಥದ್ದನ್ನೇ ಎಂದು ಆರಿಸುವುದಕ್ಕೆ ತೆರುವ ಬೆಲೆ ಅದು.

ಕಥೆ ಇಲ್ಲಿಗೇ ಮುಗಿಯಿತೆಂದು ಹಲವರು ತಿಳಿದರು. ಗೋಲ್ಡ್‌ಬರ್ಗ್‌ಗೆ ಒಪ್ಪಿಗೆಯಾಗಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಯುಬಿಕ್ವಿಟಿನ್ ಇಲ್ಲ, ಆದರೂ ಅಲ್ಲಿ ಎಟಿಪಿ ಬೇಕು. 1981ರಲ್ಲಿ ಅವರ ತಂಡ ಎಟಿಪಿ ಸುಡುತ್ತಲೇ ಪ್ರೋಟೀನ್ ಕತ್ತರಿಸುವ ಲಾನ್ ಎಂಬ ಕಿಣ್ವವನ್ನು ಬ್ಯಾಕ್ಟೀರಿಯಾದಲ್ಲಿ ತೋರಿಸಿತು. 1983ರಲ್ಲಿ ಕೇಜಿ ತನಾಕಾ ಅವರೊಡನೆ, ಮೊಲದ ಕಣದಲ್ಲೂ ಗುರುತು ಹಚ್ಚುವ ಖರ್ಚಿನ ಹೊರತಾಗಿ ಎಟಿಪಿಗೆ ಇನ್ನೊಂದು ಕೆಲಸವಿದೆ ಎಂದರು. ಬಣ್ಣ ಹಚ್ಚುವವರು ಸಿಕ್ಕಿದ್ದರು, ಜೆಸಿಬಿ ಎಲ್ಲಿ?

ಅದು ಹಲವರ ಕಣ್ಣಿಗೆ ಹಲವು ಹೆಸರಿನಲ್ಲಿ ಬಿದ್ದಿತ್ತು. ನ್ಯೂಯಾರ್ಕಿನಲ್ಲಿ ಶೆರ್ವಿನ್ ವಿಲ್ಕ್ ಮತ್ತು ಮರಿಯನ್ ಓರ್ಲೋವ್ಸ್ಕಿ 1980ರ ಸುಮಾರಿಗೇ ದನದ ಪಿಟ್ಯುಟರಿಯಿಂದ ಒಂದು ದೈತ್ಯ ಕಿಣ್ವವನ್ನು ತೆಗೆದಿಟ್ಟಿದ್ದರು. ಮಾರ್ಟಿನ್ ರೆಕ್‌ಸ್ಟೈನರ್ ಅವರ ತಂಡ ಅದಕ್ಕಿಂತಲೂ ದೊಡ್ಡದನ್ನು ಕಂಡಿತು. ಚಿಕ್ಕದು ದೊಡ್ಡದರ ಒಡಲು ಎಂಬುದು ಮೆಲ್ಲನೆ ಸ್ಪಷ್ಟವಾಯಿತು. 1988ರಲ್ಲಿ ಗೋಲ್ಡ್‌ಬರ್ಗ್ ಮತ್ತು ಸಹಲೇಖಕರು ಅದನ್ನು ಪ್ರೋಟಿಯಸೋಮ್ ಎಂದು ಕರೆದರು, ಹೆಸರು ನಿಂತಿತು. ಏಳು ಬಿಲ್ಲೆಗಳ ಬಳೆ, ಅಂಥ ನಾಲ್ಕು ಬಳೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಪೀಪಾಯಿ. ಕತ್ತಿಗಳೆಲ್ಲ ಒಳಗೆ. ಬಾಯಿ ಇಕ್ಕಟ್ಟು, ಅದಕ್ಕೂ ಬಾಗಿಲು. ತುದಿಯಲ್ಲಿ ಕೂತ ಟೊಪ್ಪಿಗೆಯಂಥ ಭಾಗ ಗುರುತು ನೋಡಿ, ಗುರುತನ್ನು ಬಿಡಿಸಿ ಮರುಬಳಕೆಗೆ ಬಿಟ್ಟು, ಪ್ರೋಟೀನಿನ ಮಡಿಕೆ ಬಿಚ್ಚಿ, ಬಾಗಿಲು ತೆರೆಸಿ, ನೂಲಿನಂತೆ ಒಳಗೆ ಎಳೆದುಕೊಳ್ಳುತ್ತದೆ. ಎಟಿಪಿಯ ಎರಡನೆಯ ಖರ್ಚು ಇದು. ಹೊರಬರುವ ಚೂರುಗಳಲ್ಲಿ ಕೆಲವನ್ನು ಜೀವಕೋಶ ತನ್ನ ಹೊರಮೈಯಲ್ಲಿ ತೂಗುಹಾಕಿ ರೋಗನಿರೋಧಕ ಕಣಗಳಿಗೆ ತೋರಿಸುತ್ತದೆ ಎಂಬುದನ್ನೂ ಗೋಲ್ಡ್‌ಬರ್ಗ್ ಕೆನೆತ್ ರಾಕ್ ಜೊತೆ 1990ರ ದಶಕದಲ್ಲಿ ಸ್ಥಾಪಿಸಿದರು.

ಪ್ರೋಟಿಯಸೋಮನ್ನು ಸ್ವಲ್ಪ ತಡೆದರೆ ಬತ್ತುವ ಸ್ನಾಯುವನ್ನು ಉಳಿಸಬಹುದೇ? ಈ ಆಸೆಯಿಂದ 1993ರಲ್ಲಿ ಅವರು ಕಂಪನಿಯೊಂದನ್ನು ಕಟ್ಟಿದರು, ಹೆಸರೇ ಸ್ನಾಯುವಿನದು: ಮಯೋಜೆನಿಕ್ಸ್. ಅಲ್ಲಿ ತಯಾರಾದ ಬೋರಾನ್‌ಯುಕ್ತ ಅಣು ಸ್ನಾಯುವಿನ ಔಷಧವಾಗಲಿಲ್ಲ. ಉರಿಯೂತ ಮತ್ತು ಕ್ಯಾನ್ಸರಿಗೆ ಬೇಕಾದ ಸಂಕೇತಗಳೂ ಪ್ರೋಟಿಯಸೋಮಿನ ಮೂಲಕ ಹಾಯುತ್ತವೆ ಎಂದು ಗೊತ್ತಾದ ಮೇಲೆ ದಾರಿ ಹೊರಳಿತು. ಕಂಪನಿಯ ಹೆಸರು ಬದಲಾಯಿತು, ಒಡೆತನ ಕೈಯಿಂದ ಕೈಗೆ ದಾಟಿತು. ಮಜ್ಜೆಯ ಕ್ಯಾನ್ಸರಾದ ಮೈಲೋಮಾದ ಕೋಶಗಳು ರಾಶಿರಾಶಿ ಪ್ರತಿಕಾಯ ತಯಾರಿಸುತ್ತವೆ. ತಯಾರಿ ಹೆಚ್ಚಿದಷ್ಟೂ ಕೆಟ್ಟ ಮಾಲೂ ಹೆಚ್ಚು, ಕಸ ಎತ್ತುವವರನ್ನು ನಿಲ್ಲಿಸಿದರೆ ಮೊದಲು ಉಸಿರುಕಟ್ಟುವುದು ಅವಕ್ಕೇ. ಮೊದಲ ಹಂತದ ಪರೀಕ್ಷೆಯಲ್ಲಿ ಒಬ್ಬ ಮೈಲೋಮಾ ರೋಗಿಯ ಕಾಯಿಲೆ ಪೂರ್ತಿ ಅಡಗಿದ್ದು ಕಂಡು ಎಲ್ಲರ ಗಮನ ಅತ್ತ ತಿರುಗಿತು. ಆ ಪರೀಕ್ಷೆ ನಡೆಸಿದ ವೈದ್ಯ ರಾಬರ್ಟ್ ಓರ್ಲೋವ್ಸ್ಕಿ, ದನದ ಪಿಟ್ಯುಟರಿಯಲ್ಲಿ ಆ ಕಿಣ್ವ ಕಂಡ ಮರಿಯನ್ ಅವರ ಮಗ. 2003ರ ಮೇ ತಿಂಗಳಲ್ಲಿ ಅಮೆರಿಕ ಆ ಬೋರಾನ್‌ಯುಕ್ತ ಅಣುವಿಗೆ ಅನುಮತಿ ಕೊಟ್ಟಿತು. ಬೊರ್ಟೆಜೊಮಿಬ್ ಎಂಬ ಆ ಚುಚ್ಚುಮದ್ದು ಇಂದು ನಮ್ಮ ಊರುಗಳ ಕ್ಯಾನ್ಸರ್ ವಾರ್ಡುಗಳಿಗೂ ಪರಿಚಿತ.

ಮರುವರ್ಷ, 2004ರ ರಸಾಯನಶಾಸ್ತ್ರದ ನೊಬೆಲ್ ಹರ್ಷ್ಕೊ, ಸೀಹನೋವರ್, ರೋಸ್ ಅವರಿಗೆ ಹೋಯಿತು. ಗೋಲ್ಡ್‌ಬರ್ಗ್ ಪಟ್ಟಿಯಲ್ಲಿರಲಿಲ್ಲ. ಈ ವ್ಯವಸ್ಥೆ ಜೀವಂತ ಕೋಶದಲ್ಲೂ ಹೀಗೇ ನಡೆಯುತ್ತದೆ ಎಂದು ತೋರಿಸಿದ ಅಲೆಕ್ಸಾಂಡರ್ ವರ್ಷಾವ್ಸ್ಕಿ ಕೂಡ ಇರಲಿಲ್ಲ. ಮೂವರಿಗಿಂತ ಹೆಚ್ಚು ಜನರಿಗೆ ಕೊಡುವಂತಿಲ್ಲ, ಕೊಟ್ಟದ್ದು ಯುಬಿಕ್ವಿಟಿನ್‌ಗೆ, ಆ ಮಟ್ಟಿಗೆ ತೀರ್ಪಿನಲ್ಲಿ ತಪ್ಪು ಹುಡುಕಲಾರೆ. ಬಹುಮಾನದ ನೆನಪಿನಲ್ಲಿ ಕಥೆಯನ್ನು ಹೈಫಾದಿಂದಲೇ ಶುರು ಮಾಡುವ ರೂಢಿ ಬಿದ್ದಿದೆ ಎಂಬುದಷ್ಟೇ ನನ್ನ ತಕರಾರು.

ಸ್ನಾಯುವನ್ನು ಗೋಲ್ಡ್‌ಬರ್ಗ್ ಬಿಟ್ಟಿರಲಿಲ್ಲ. ಉಪವಾಸ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಯಾವುದರಿಂದ ಬತ್ತಿದರೂ ಸ್ನಾಯುವಿನಲ್ಲಿ ಒಂದೇ ಗುಂಪಿನ ಜೀನ್‌ಗಳು ಎದ್ದು ಕೂರುತ್ತವೆ ಎಂದು ಅವರ ತಂಡ ಕಂಡಿತು. ಅವುಗಳಲ್ಲಿ ಗುರುತು ಹಚ್ಚುವ ಕಿಣ್ವವೊಂದಕ್ಕೆ 2001ರಲ್ಲಿ ಅಟ್ರೋಜಿನ್ ಎಂದು ಹೆಸರಿಟ್ಟರು. ಕೊನೆಯ ವರ್ಷಗಳಲ್ಲಿ ಅವರು ಹುಡುಕಿದ್ದು ತಡೆಯುವುದನ್ನಲ್ಲ, ಪ್ರೋಟಿಯಸೋಮಿನ ವೇಗ ಹೆಚ್ಚಿಸುವುದನ್ನು. ಮಿದುಳಿನ ಕಾಯಿಲೆಗಳಲ್ಲಿ ಗುಡ್ಡೆಬೀಳುವ ಕೆಟ್ಟ ಪ್ರೋಟೀನನ್ನು ಹೊರಹಾಕಲು. 2019ರಲ್ಲಿ ಬಂದ ಅವರ ತಂಡದ ಲೇಖನವೊಂದರಲ್ಲಿ, ಕಠಿಣ ವ್ಯಾಯಾಮ ಮಾಡಿದವರ ಸ್ನಾಯುವಿನ ಚೂರು ತೆಗೆದು ನೋಡಿದ್ದಾರೆ. ಅದರೊಳಗಿನ ಪ್ರೋಟಿಯಸೋಮ್‌ಗಳು ವ್ಯಾಯಾಮಕ್ಕೆ ಮುಂಚಿಗಿಂತ ಚುರುಕಾಗಿದ್ದವು. ಸುಮ್ಮನೆ ಬಿದ್ದಿರುವ ಕಾಲಿನಲ್ಲಿ ಕೆಡವುವ ಕೆಲಸ ಹೆಚ್ಚುತ್ತದೆ ಎಂದು ಶುರು ಮಾಡಿದವರಿಗೆ, ದುಡಿಯುವ ಕಾಲಿನಲ್ಲೂ ಅದು ಹೆಚ್ಚುವುದು ಕಂಡಿತ್ತು.