ಹರ್ನಿಯಾ ಶಸ್ತ್ರಚಿಕಿತ್ಸೆಯ ಇತಿಹಾಸ

ಹೊಟ್ಟೆಯ ಗೋಡೆ ಸಡಿಲವಾದ ಕಡೆ ಒಳಗಿನ ಕೊಬ್ಬು ಅಥವಾ ಕರುಳು ಹೊರಕ್ಕೆ ಉಬ್ಬುವುದನ್ನು ಹರ್ನಿಯಾ ಎನ್ನುತ್ತಾರೆ. ತೊಡೆಸಂದು, ಹೊಕ್ಕುಳು ಮತ್ತು ಹಳೆಯ ಆಪರೇಷನ್ನಿನ ಹೊಲಿಗೆಯ ಜಾಗದಲ್ಲಿ ಇದು ಹೆಚ್ಚು. ವಯಸ್ಕರಲ್ಲಿ ಔಷಧಿಯಿಂದಾಗಲಿ ಪಟ್ಟಿ ಕಟ್ಟುವುದರಿಂದಾಗಲಿ ಗೋಡೆಯ ಆ ಸಂದಿ ಮುಚ್ಚುವುದಿಲ್ಲ. ಅದನ್ನು ಮುಚ್ಚುವ ವಿಧಾನಗಳು ಬೆಳೆದುಬಂದ ಬಗೆ ಮತ್ತು ಬಳ್ಳಾರಿ ಜಿಲ್ಲೆಯ ಬಂಡ್ರಿ–ಸಂಡೂರು ಸೀಮೆಯಲ್ಲಿ ಈ ಚಿಕಿತ್ಸೆಯ ಹಿನ್ನೆಲೆ ಇಲ್ಲಿದೆ.

ಪ್ರಾಚೀನ ಉಲ್ಲೇಖ

ಸುಶ್ರುತ ಸಂಹಿತೆಯಲ್ಲಿ ‘ವೃದ್ಧಿ’ ರೋಗಕ್ಕೆ ಏಳು ಬಗೆಗಳಿದ್ದು, ಕರುಳಿಗೆ ಸಂಬಂಧಿಸಿದ ಅಂತ್ರವೃದ್ಧಿ ಅವುಗಳಲ್ಲೊಂದು. ಇದನ್ನು ಆಧರಿಸಿ ಹರ್ನಿಯಾ ಆಪರೇಷನ್ನಿಗೆ ಸುಶ್ರುತನೇ ಮೊದಲಿಗ ಎಂದು ಜನಪ್ರಿಯ ಬರಹಗಳು ಹೇಳುತ್ತವೆ. ಗ್ರಂಥದಲ್ಲಿರುವ ಚಿಕಿತ್ಸೆ ಬೇರೆ. ಉಬ್ಬು ತೊಡೆಸಂದಿಯಲ್ಲೇ ಇದ್ದರೆ ಅರ್ಧಚಂದ್ರಾಕಾರದ ತುದಿಯ ಶಲಾಕೆಯನ್ನು ಕಾಯಿಸಿ ಆ ಜಾಗವನ್ನು ಸುಡಬೇಕು. ವೃಷಣದ ಚೀಲಕ್ಕೆ ಇಳಿದಿದ್ದರೆ ಅಂಥ ರೋಗಿಯನ್ನು ಕೈಬಿಡಬೇಕು. ಗೋಡೆಯನ್ನು ಹೊಲಿಯುವ ಮಾತು ಅಲ್ಲಿಲ್ಲ.

ಹೊಲಿಗೆಯ ಕಾಲ

ಅರಿವಳಿಕೆ ಮತ್ತು ಕ್ರಿಮಿನಾಶಕ ವಿಧಾನ ಬಂದ ಮೇಲೆಯೇ ಈ ಆಪರೇಷನ್ ಸುರಕ್ಷಿತವಾಯಿತು. ಇಟಲಿಯ ಎಡೊಆರ್ಡೊ ಬಾಸಿನಿ 1884ರಲ್ಲಿ ಪಡುವಾದಲ್ಲಿ ತೊಡೆಸಂದಿಯ ಹಿಂಗೋಡೆಯನ್ನು ಪದರ ಪದರವಾಗಿ ಹೊಲಿಯಲು ಆರಂಭಿಸಿದ. 1890ರ ಹೊತ್ತಿಗೆ 262 ಆಪರೇಷನ್‌ಗಳ ವಿವರ ಪ್ರಕಟಿಸಿದ. ಬಾಸಿನಿ ಪದ್ಧತಿಯಲ್ಲಿ ಹರ್ನಿಯಾ ಮರುಕಳಿಸುತ್ತದೆ ಎಂಬ ದೂರು ಆಮೇಲೆ ಬಂತು. ಆದರೆ ಅನುಸರಿಸಿದ ಹಲವರು ಹಿಂಗೋಡೆಯ ಒಳಪದರವನ್ನು ಬಿಡಿಸುವ ಹಂತವನ್ನೇ ಕೈಬಿಟ್ಟಿದ್ದರು. 1945ರಲ್ಲಿ ಟೊರಾಂಟೊದಲ್ಲಿ ಆರಂಭವಾದ ಶೋಲ್ಡೈಸ್ ಆಸ್ಪತ್ರೆ ಆ ಹಂತವನ್ನು ಉಳಿಸಿಕೊಂಡಿತು. ಸಂದಿಗೆ ಜಾಲರಿ ಹಾಸದ ವಿಧಾನಗಳಲ್ಲಿ ಇಂದಿಗೂ ಆ ಆಸ್ಪತ್ರೆಯ ವಿಧಾನಕ್ಕೇ ಅಗ್ರಸ್ಥಾನ. ಪುಣೆಯ ಮೋಹನ್ ದೇಸರ್ಡಾ 2001ರಲ್ಲಿ ಪ್ರಕಟಿಸಿದ, ರೋಗಿಯ ಸ್ವಂತ ಸ್ನಾಯುಪೊರೆಯ ಪಟ್ಟಿಯನ್ನೇ ಬಳಸುವ ವಿಧಾನವೂ ಇದೇ ಗುಂಪಿಗೆ ಸೇರುತ್ತದೆ.

ಜಾಲರಿ

ಹೊಲಿಗೆಯ ದೊಡ್ಡ ದೋಷ ಎಳೆತ. ದೂರದ ಎರಡು ಅಂಚುಗಳನ್ನು ಬಲವಂತವಾಗಿ ಕೂಡಿಸಿದರೆ ನೋವು ಹೆಚ್ಚುತ್ತದೆ, ಹೊಲಿಗೆ ಅಂಗಾಂಶವನ್ನು ಸೀಳಿಕೊಂಡು ಬರುತ್ತದೆ. ಅಂಚುಗಳನ್ನು ಎಳೆಯದೆ ಸಂದಿಯ ಮೇಲೆ ಹಾಸುವ ಜಾಲರಿ ಇದಕ್ಕೆ ಪರಿಹಾರ. ಬೆಳ್ಳಿ ತಂತಿಯ ಜಾಲರಿ 1900ರ ಸುಮಾರಿಗೇ ಬಂದಿದ್ದರೂ ನಿಲ್ಲಲಿಲ್ಲ. ಅಮೆರಿಕದ ಫ್ರಾನ್ಸಿಸ್ ಅಷರ್ 1958ರಲ್ಲಿ ಪ್ಲಾಸ್ಟಿಕ್ ಜಾಲರಿಯ ಬಳಕೆಯನ್ನು ವರದಿ ಮಾಡಿದ. ಎಳೆತವಿಲ್ಲದೆ ಜಾಲರಿ ಹಾಸುವ ಲಿಕ್ಟೆನ್‌ಸ್ಟೈನ್ ವಿಧಾನಕ್ಕೆ ಕೆಲವರು 1984, ಕೆಲವರು 1989 ಎಂದು ಇಸವಿ ಕೊಡುತ್ತಾರೆ. ಮೊದಲನೆಯದು ಬಳಕೆ ಆರಂಭವಾದ ವರ್ಷ, ಎರಡನೆಯದು ಅದರ ಪ್ರಸಿದ್ಧ ಪ್ರಬಂಧ ಅಚ್ಚಾದ ವರ್ಷ. ಹಳೆಯ ಆಪರೇಷನ್ ಜಾಗದ ಹರ್ನಿಯಾದಲ್ಲಿ ಜಾಲರಿಯ ಲಾಭ ಇನ್ನೂ ಸ್ಪಷ್ಟ. 2004ರ ಡಚ್ ಅಧ್ಯಯನದ ಪ್ರಕಾರ ಹತ್ತು ವರ್ಷಗಳಲ್ಲಿ ಬರೀ ಹೊಲಿಗೆ ಹಾಕಿದವರಲ್ಲಿ ಶೇ 63, ಜಾಲರಿ ಹಾಕಿದವರಲ್ಲಿ ಶೇ 32 ಮಂದಿಗೆ ಹರ್ನಿಯಾ ಮರುಕಳಿಸಿತು. 1990ರ ದಶಕದಲ್ಲಿ ಲ್ಯಾಪರೊಸ್ಕೋಪಿ, ಆಮೇಲೆ ರೋಬೊ ಸೇರಿಕೊಂಡವು.

ಸೊಳ್ಳೆಪರದೆಯ ಪ್ರಯೋಗ

ಭಾರತದ ಹಳ್ಳಿಗಳ ಮಟ್ಟಿಗೆ ನಿಜವಾದ ತಿರುವು ಬಂದಿದ್ದು ಜಾಲರಿಯ ಬೆಲೆಯಲ್ಲಿ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾದ ಸರ್ಜನ್ ರವೀಂದ್ರನಾಥ ಟೊಂಗಾವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನು ಕತ್ತರಿಸಿ, ಕ್ರಿಮಿಶುದ್ಧಗೊಳಿಸಿ ಜಾಲರಿಯಾಗಿ ಬಳಸಿದರು. ಹಲವು ಆಸ್ಪತ್ರೆಗಳ 359 ಹರ್ನಿಯಾಗಳ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಇದನ್ನು ಬರೀ ಹಳ್ಳಿಯ ಉಪಾಯವೆಂದು ಬಣ್ಣಿಸುವುದು ಸರಿಯಲ್ಲ. ಬಳಸಿದ್ದು ಕೀಟನಾಶಕ ಲೇಪಿಸದ ಬಟ್ಟೆ. ಉಗಾಂಡದಲ್ಲಿ 302 ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೊಳ್ಳೆಪರದೆ ಬಟ್ಟೆಯ ಅಗ್ಗದ ಜಾಲರಿ ಹಾಕಿದವರ ಪೈಕಿ ಒಬ್ಬರಿಗೆ ಮಾತ್ರ ವರ್ಷದೊಳಗೆ ಹರ್ನಿಯಾ ಮರುಕಳಿಸಿತು. ದುಬಾರಿ ಜಾಲರಿಯ ಗುಂಪಿನಲ್ಲಿ ಯಾರಿಗೂ ಮರುಕಳಿಸಲಿಲ್ಲ. ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಅಂಗಡಿಯ ಪರದೆಯೆಲ್ಲ ಇದಕ್ಕೆ ಆಗಿಬರುವುದಿಲ್ಲ: ನೂಲಿನ ಜಾತಿ, ರಂಧ್ರದ ಅಳತೆ, ಆಟೋಕ್ಲೇವ್‌ನ 121 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ತಾಳುವ ಗುಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಬಂಡ್ರಿ–ಸಂಡೂರು ಸೀಮೆ

ಬಂಡ್ರಿ ಗ್ರಾಮ ಇಂದು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿದೆ. 1949ರವರೆಗೆ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಸುತ್ತಲಿನ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಆದ್ದರಿಂದ ಹಳೆಯ ಮೈಸೂರು ಸಂಸ್ಥಾನದ ಆಸ್ಪತ್ರೆಗಳ ಚರಿತ್ರೆಯಲ್ಲಿ ಈ ಸೀಮೆಯನ್ನು ಹುಡುಕಿ ಪ್ರಯೋಜನವಿಲ್ಲ. 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಅದು ವಿಮ್ಸ್ ಎಂದು ಹೆಸರಾಯಿತು. ಇದರಿಂದ ಸರ್ಜರಿ ಕಲಿಸುವ ಕೇಂದ್ರವೊಂದು ಜಿಲ್ಲೆಯಲ್ಲೇ ಬಂದಂತಾಯಿತು. ಖರ್ಚಿನ ವಿಷಯದಲ್ಲಿ 2003ರಲ್ಲಿ ಜಾರಿಗೆ ಬಂದ ಸಹಕಾರಿ ರೈತರ ಯಶಸ್ವಿನಿ ಯೋಜನೆ ಮತ್ತು 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮುಖ್ಯ ಘಟ್ಟಗಳು. ಗಣಿಯಲ್ಲಿ, ಹೊಲದಲ್ಲಿ ಭಾರ ಹೊರುವುದರಿಂದಲೇ ಹರ್ನಿಯಾ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ; ಈ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ.

ಸದ್ಯದ ನಿಲುವು

2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಯಸ್ಕರ ತೊಡೆಸಂದಿನ ಹರ್ನಿಯಾಕ್ಕೆ ಜಾಲರಿಯನ್ನೇ ಶಿಫಾರಸು ಮಾಡುತ್ತದೆ. ತೆರೆದ ಆಪರೇಷನ್ನೋ ಲ್ಯಾಪರೊಸ್ಕೋಪಿಯೋ ಎಂಬುದು ರೋಗಿಯ ಸ್ಥಿತಿ, ಸರ್ಜನ್ನರ ಅನುಭವ, ಆಸ್ಪತ್ರೆಯ ಸೌಲಭ್ಯಗಳನ್ನು ಅವಲಂಬಿಸಿದೆ. ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ, ನೋವು ಮತ್ತು ವಾಂತಿ ಕಾಣಿಸಿಕೊಂಡರೆ ಕರುಳಿಗೆ ರಕ್ತ ಹರಿಯುವುದು ನಿಂತಿರಬಹುದು. ಆಗ ತಕ್ಷಣ ಆಸ್ಪತ್ರೆ ಸೇರಬೇಕು.