ಮೈಸೂರಿನಲ್ಲಿ ಬಾಳಿದ ಷೆವರ್ಲೆ

ದಸರೆಯ ಹೊತ್ತಿನಲ್ಲಿ ಹಳೆಯ ಕಾರುಗಳು ಸಾಲಾಗಿ ಮೈಸೂರಿನ ಬೀದಿಗಿಳಿದರೆ ಜನರ ಕಣ್ಣು ಮೊದಲು ಹುಡುಕುವುದು ರೋಲ್ಸ್ ರಾಯ್ಸ್‌ಗಳನ್ನು. ಅರಮನೆಯ ಕಾರುಗಳ ಕಥೆ ಊರಿಗೆಲ್ಲ ಬಾಯಿಪಾಠ. ಅವುಗಳ ಹಿಂದೆ ಬರುವ ಷೆವರ್ಲೆ, ಫೋರ್ಡ್, ಡಾಡ್ಜ್, ಪ್ಲಿಮತ್‌ಗಳಿಗೆ ಅಂಥ ಕಥೆಗಾರರು ಸಿಕ್ಕಿಲ್ಲ. ‘ಅಮೆರಿಕನ್ ಕಾರು’ ಎಂಬ ಒಂದೇ ಹೆಸರಿನಲ್ಲಿ ಅವೆಲ್ಲ ಮುಗಿದುಹೋಗುತ್ತವೆ. ಅವನ್ನು ದುರಸ್ತಿ ಮಾಡಿಸಿ ಉಳಿಸಿಕೊಂಡವರು ಸಾಮಾನ್ಯವಾಗಿ ಹೆಮ್ಮೆಯಿಂದ ಹೇಳುವ ಮಾತೊಂದಿದೆ: ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಮಾಡಿಸಿದ್ದೇವೆ. ಆ ಹೆಮ್ಮೆಯ ಹಿಂದಿರುವ ಶ್ರಮದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೂ ಆ ಮಾತನ್ನು ಪ್ರಶ್ನಿಸಬೇಕಾಗಿದೆ. ಯಾವ ಕಾರ್ಖಾನೆ? ಯಾವ ದಿನ? ಮೈಸೂರಿನ ರಸ್ತೆಯಲ್ಲಿ ನಲವತ್ತು ಐವತ್ತು ವರ್ಷ ಓಡಿದ ಕಾರಿನ ಚರಿತ್ರೆಯಲ್ಲಿ ಕಾರ್ಖಾನೆಯ ದಿನ ಮೊದಲ ಪುಟ ಮಾತ್ರ. ಆ ಒಂದು ಪುಟವನ್ನು ಚಿನ್ನದ ಅಕ್ಷರದಲ್ಲಿ ಬರೆದು ಮಿಕ್ಕ ಪುಟಗಳನ್ನು ಕಿತ್ತುಹಾಕಿದರೆ ಉಳಿಯುವ ಕಾರು ಚೆಂದವಾಗಿರುತ್ತದೆ, ಆದರೆ ಅದು ಮೈಸೂರಿನದಾಗಿ ಉಳಿದಿರುವುದಿಲ್ಲ.

ಮೊದಲ ಪುಟವೂ ನಾವು ಅಂದುಕೊಂಡಷ್ಟು ಸರಳವಾಗಿಲ್ಲ. ಈ ಕಾರುಗಳಲ್ಲಿ ಬಹುಪಾಲು ನೇರವಾಗಿ ಅಮೆರಿಕದಿಂದ ಬಂದವಲ್ಲ. ಡೆಟ್ರಾಯಿಟ್ ನದಿಯ ಆಚೆ ದಡ ಕೆನಡಾದ ಒಂಟಾರಿಯೊ ಪ್ರಾಂತಕ್ಕೆ ಸೇರಿದ್ದು. ಅಲ್ಲಿ 1904ರಲ್ಲಿ ಹುಟ್ಟಿದ ಫೋರ್ಡ್‌ನ ಕೆನಡಾ ಕಂಪನಿಗೆ ಬ್ರಿಟನ್ ಮತ್ತು ಐರ್ಲೆಂಡ್ ಹೊರತು ಬ್ರಿಟಿಷ್ ಸಾಮ್ರಾಜ್ಯದ ಮಿಕ್ಕೆಲ್ಲ ಕಡೆ ಫೋರ್ಡ್ ಮಾರುವ ಹಕ್ಕು ಸಿಕ್ಕಿತು. ಜನರಲ್ ಮೋಟಾರ್ಸ್‌ಗೆ ಅದೇ ಪ್ರಾಂತದ ಓಶಾವಾದಲ್ಲಿ ಕಾರ್ಖಾನೆಯಿತ್ತು. ಸಾಮ್ರಾಜ್ಯದೊಳಗೆ ತಯಾರಾದ ಸರಕಿಗೆ ಸುಂಕದ ರಿಯಾಯಿತಿ. ಜೊತೆಗೆ ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ ಸ್ಟೇರಿಂಗ್ ಬಲಕ್ಕಿರಬೇಕು. ಈ ಎರಡು ಕಾರಣಕ್ಕೆ ಕೆನಡಾದ ಬಲ ಸ್ಟೇರಿಂಗ್ ಕಾರುಗಳು ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಹಡಗೇರಿ ಭಾರತಕ್ಕೆ ಬಂದವು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣೆ ಶುರುಮಾಡಿತು. ಫೋರ್ಡ್ ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ಜೋಡಿಸಿತು. ಹಾಗಾಗಿ ಮೈಸೂರಿನ ಒಂದು ಷೆವರ್ಲೆಗೆ ಹೆಸರು ಅಮೆರಿಕದ್ದು, ಉಕ್ಕು ಕೆನಡಾದ್ದು, ಬೋಲ್ಟು ಬಿಗಿದ ಕೈ ಮುಂಬಯಿಯದು. ಎರಡನೆಯ ಮಹಾಯುದ್ಧದ ನಂತರದ ಡಾಡ್ಜ್ ಕಿಂಗ್ಸ್‌ವೇ ಇನ್ನೂ ವಿಚಿತ್ರ: ಪ್ಲಿಮತ್‌ನ ಮೈಗೆ ಡಾಡ್ಜ್‌ನ ಮುಖ ಕೂಡಿಸಿ ರಫ್ತಿಗೆಂದೇ ಇಟ್ಟ ಹೆಸರದು. ಇಂದು ಅಮೆರಿಕದ ಬಿಡಿಭಾಗದ ಕ್ಯಾಟಲಾಗ್ ತೆರೆದು ಕೂತವರಿಗೆ ಇದರ ಬಿಸಿ ಚೆನ್ನಾಗಿ ತಟ್ಟುತ್ತದೆ. ಎಂಜಿನ್ನಿನ ಗ್ಯಾಸ್ಕೆಟ್ಟು ಸಿಗುತ್ತದೆ, ಬಾಗಿಲ ರಬ್ಬರ್ ಸಿಗುತ್ತದೆ. ಬಲಬದಿಯ ಡ್ಯಾಶ್‌ಬೋರ್ಡು, ಸ್ಟೇರಿಂಗ್ ಬಾಕ್ಸು, ಪೆಡಲ್ ಜೋಡಣೆಗಳ ವಿಷಯ ಬಂದ ಕೂಡಲೇ ಕ್ಯಾಟಲಾಗ್ ಕೈಚೆಲ್ಲುತ್ತದೆ.

ಇಂಥ ಕಾರು ಮೈಸೂರಿನ ಸೀಮೆಗೆ ಹೊಂದಿಕೊಂಡದ್ದಕ್ಕೆ ಕಾರಣ ತೆರಿಗೆಯ ಲೆಕ್ಕದಲ್ಲೂ ಇದೆ. ಇಂಗ್ಲೆಂಡಿನಲ್ಲಿ ಸಿಲಿಂಡರಿನ ವ್ಯಾಸವನ್ನು ಅಳೆದು ಕಾರಿನ ತೆರಿಗೆ ಹಾಕುತ್ತಿದ್ದರು. ಅಲ್ಲಿನ ತಯಾರಕರು ಕಿರಿದಾದ ಸಿಲಿಂಡರುಗಳ ಸಣ್ಣ ಎಂಜಿನ್ನಿಗೆ ಒಗ್ಗಿಹೋದರು. ಅಮೆರಿಕದಲ್ಲಿ ಆ ಕಟ್ಟುಪಾಡಿರಲಿಲ್ಲ, ರಸ್ತೆಗಳೂ ಹಳ್ಳಿಗಾಡಿನವು. ಅಲ್ಲಿ ಬೆಳೆದದ್ದು ನೆಲದಿಂದ ಎತ್ತರ ನಿಂತ, ದೊಡ್ಡ ಎಂಜಿನ್ನಿನ, ಗೇರು ಬದಲಿಸದೆ ಏರು ಹತ್ತುವ, ಬೆಲೆಯಲ್ಲಿ ಹಗುರಾದ ಕಾರು. 1937ರ ನಂತರದ ಷೆವರ್ಲೆಯ ಆರು ಸಿಲಿಂಡರಿನ ಎಂಜಿನ್ ಹತ್ತಿರ ಹತ್ತಿರ ಮೂರೂವರೆ ಲೀಟರಿನದು. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಯ ಘಟ್ಟ ಹತ್ತಬೇಕಾದವರಿಗೆ, ಹುಣಸೂರಿನ ಮೇಲೆ ಮಡಿಕೇರಿಗೆ ಹೋಗಬೇಕಾದವರಿಗೆ ಇಂಗ್ಲೆಂಡಿನ ಪುಟ್ಟ ಕಾರಿಗಿಂತ ಇದು ನಂಬಿಗಸ್ತ. ಪ್ರತಿಷ್ಠೆಗೆ ರೋಲ್ಸ್ ರಾಯ್ಸ್, ದುಡಿಮೆಗೆ ಷೆವರ್ಲೆ ಎನ್ನುವುದು ಸ್ಥೂಲವಾದ ಮಾತೇ ಆದರೂ ತಪ್ಪು ಮಾತಲ್ಲ.

ಈ ಕಾರುಗಳು ಹೊರಗಿನಿಂದ ಬರಬೇಕಾದ್ದೇ ಇರಲಿಲ್ಲ ಎಂಬ ಇನ್ನೊಂದು ಸಂಗತಿ ಮೈಸೂರಿನವರು ಮರೆಯಬಾರದ್ದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಹದಿನೇಳು ವರ್ಷಗಳ ಮೇಲೆ, 1935ರಲ್ಲಿ, ಯುರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನಿಗೆ ನಿಂತರು. ನೆರವು ನಿರೀಕ್ಷಿಸಿದ್ದ ಮುಂಬಯಿಯ ಕಾಂಗ್ರೆಸ್ ಸರ್ಕಾರ 1939ರಲ್ಲಿ ರಾಜೀನಾಮೆ ಕೊಟ್ಟಾಗ ಅಲ್ಲಿಯ ಆಸೆ ಕಮರಿತು. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲರು ಕೈಜೋಡಿಸಲು ತಯಾರಿದ್ದರು. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಅದೇ ವಾಲ್‌ಚಂದ್ ಮತ್ತು ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಕಟ್ಟಿದರು, ಏಕೆಂದರೆ ಯುದ್ಧಕ್ಕೆ ವಿಮಾನ ಬೇಕಿತ್ತು. ವಾಲ್‌ಚಂದರ ಕಾರಿನ ಕನಸು ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಲ್ಲಿ 1944ರಲ್ಲಿ ಕಂಪನಿಯಾಗಿ, ಮುಂಬಯಿಯ ಕುರ್ಲಾದಲ್ಲಿ ಕ್ರೈಸ್ಲರ್ ಕಂಪನಿಯ ಡಾಡ್ಜ್, ಡಿಸೋಟೊ, ಪ್ಲಿಮತ್‌ಗಳನ್ನು ಜೋಡಿಸತೊಡಗಿತು. ಮೈಸೂರು ಸಂಸ್ಥಾನದಲ್ಲೇ ಹುಟ್ಟಬಹುದಾಗಿದ್ದ ಕಾರುಗಳ ಹತ್ತಿರದ ನೆಂಟರು ಹೀಗೆ ಕುರ್ಲಾದಿಂದ ಮೈಸೂರಿಗೆ ಬಂದರು. ಈ ಹಿನ್ನೆಲೆ ಗೊತ್ತಿದ್ದವರಿಗೆ ಬೀದಿಯಲ್ಲಿ ಕಾಣುವ ಡಾಡ್ಜ್ ಬರಿಯ ವಿದೇಶಿ ಶೋಕಿಯಾಗಿ ತೋರಲಾರದು.

ಚರಿತ್ರೆ ದಟ್ಟವಾಗುವುದು ಇಲ್ಲಿಂದ ಮುಂದೆ. ಯುದ್ಧಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ವಾಹನಗಳ ಬೆನ್ನಿಗೆ ಇದ್ದಿಲಿನ ಗ್ಯಾಸ್ ಪ್ಲಾಂಟ್ ಏರಿತು. ಆ ಕಾಲದ ಇದ್ದಿಲು ಬಸ್ಸುಗಳ ನೆನಪು ಮಲೆನಾಡಿನಲ್ಲಿ ಇನ್ನೂ ಪೂರ್ತಿ ಆರಿಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾದ ಮೇಲೆ ಸರ್ಕಾರಿ ವರ್ಕ್‌ಶಾಪುಗಳೂ ಬೆಳೆದವು. 1953ರಲ್ಲಿ ಸುಂಕ ಆಯೋಗ ಒಂದು ಕಟ್ಟುನಿಟ್ಟಿನ ಶಿಫಾರಸು ಮಾಡಿತು: ಹಂತಹಂತವಾಗಿ ಇಲ್ಲೇ ತಯಾರಿಸುವವರಿಗೆ ಮಾತ್ರ ಅವಕಾಶ, ಬರಿಯ ಜೋಡಣೆಯವರಿಗಿಲ್ಲ. 1954ರ ಹೊತ್ತಿಗೆ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಗಂಟುಮೂಟೆ ಕಟ್ಟಿದವು. ಕಾರುಗಳು ಇಲ್ಲೇ ಉಳಿದವು, ಅವುಗಳ ಬಿಡಿಭಾಗದ ಬಾಗಿಲು ಮುಚ್ಚಿತು. ಅಲ್ಲಿಂದ ಈ ಕಾರುಗಳನ್ನು ಬದುಕಿಸಿದ್ದು ಮೇಸ್ತ್ರಿಗಳು, ಲೇತ್ ಅಂಗಡಿಗಳು ಮತ್ತು ಗುಜರಿ.

ಆ ಕೆಲಸ ಎಂಥದೆಂದು ಸ್ವಲ್ಪ ವಿವರವಾಗಿ ನೋಡಬೇಕು. ಆ ಕಾಲದ ಷೆವರ್ಲೆ ಎಂಜಿನ್ನಿನಲ್ಲಿ ಬೇರಿಂಗು ಕಳಚಿ ಹೊಸದು ಹಾಕುವ ಚಿಪ್ಪಾಗಿರಲಿಲ್ಲ. ಕನೆಕ್ಟಿಂಗ್ ರಾಡಿನ ತಲೆಗೇ ಕರಗಿಸಿ ಎರೆದ ವೈಟ್ ಮೆಟಲ್ ಎಂಬ ಮೃದು ಲೋಹವೇ ಬೇರಿಂಗು. ಸವೆದಾಗ ಹಳೆಯದನ್ನು ಕರಗಿಸಿ ತೆಗೆದು, ಹೊಸದನ್ನು ಎರೆದು, ಬೋರ್ ಮಾಡಿ, ಆಮೇಲೆ ಶಾಫ್ಟಿಗೆ ಬಣ್ಣ ಸವರಿ ಎಲ್ಲಿ ತಾಗುತ್ತದೆ ಎಂದು ನೋಡಿ ನೋಡಿ ಕೈಯಿಂದ ಕೆರೆದು ಕೂರಿಸಬೇಕು. ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೆ ಎಂಜಿನ್ ಬಡಿಯುತ್ತದೆ, ಕಡಿಮೆಯಾದರೆ ಹಿಡಿಯುತ್ತದೆ. ಆರು ವೋಲ್ಟಿನ ಬ್ಯಾಟರಿ, ಬಲ್ಬುಗಳು ಸಿಗದಾದಾಗ ಅಂಬಾಸಡರಿನ ಹನ್ನೆರಡು ವೋಲ್ಟಿನ ವ್ಯವಸ್ಥೆ ಬಂತು. ಒಂದು ವಾಹನದ ಸ್ಪ್ರಿಂಗ್ ಪ್ಲೇಟು ಇನ್ನೊಂದಕ್ಕೆ ಹೊಂದಿತು. ಬ್ರೇಕಿನ ರಬ್ಬರ್ ಕಪ್ ಜೀಪಿನದೋ ಅಂಬಾಸಡರಿನದೋ ಆಯಿತು. 1973ರ ತೈಲ ಬಿಕ್ಕಟ್ಟಿನ ಮೇಲೆ ದೊಡ್ಡ ಪೆಟ್ರೋಲ್ ಎಂಜಿನ್ನನ್ನು ಸಾಕುವುದು ಆನೆ ಸಾಕಿದಂತಾಗಿ, ದೇಶದ ಎಷ್ಟೋ ಅಮೆರಿಕನ್ ಕಾರುಗಳ ಒಡಲಿಗೆ ಪರ್ಕಿನ್ಸ್ ಡೀಸೆಲ್ ಎಂಜಿನ್, ಆಮೇಲೆ ಮೆಟಡೋರ್ ವ್ಯಾನಿನ ಎಂಜಿನ್ ಬಂದು ಕೂತವು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ, ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಬೀದಿ ಮೋಟಾರು ಸ್ಪೇರುಗಳ ಬೀದಿಯಾಗಿ ಬೆಳೆದದ್ದು ನನಗೆ ಬಹಳ ಇಷ್ಟವಾದ ಕಾಕತಾಳೀಯ. ಮೈಸೂರಿನಲ್ಲೇ 1960ರ ದಶಕದ ಮೊದಲಿನಿಂದ ಐಡಿಯಲ್ ಜಾವಾ ಕಾರ್ಖಾನೆಯಿತ್ತು. ಲೋಹ ಕಡೆಯುವ, ಬೆಸೆಯುವ, ಕ್ರೋಮಿಯಂ ಲೇಪಿಸುವ ಕೈಗಳು ಆ ಕಾರ್ಖಾನೆಯಲ್ಲಿ ಪಳಗಿದವು; 1996ರಲ್ಲಿ ಅದು ಮುಚ್ಚಿದ ಮೇಲೂ ಆ ಕಸುಬು ಊರು ಬಿಟ್ಟು ಹೋಗಲಿಲ್ಲ.

ಇದೆಲ್ಲ ಬಡತನದ ತೇಪೆ, ಇದಕ್ಕೆ ಚರಿತ್ರೆ ಎಂಬ ದೊಡ್ಡ ಹೆಸರೇಕೆ ಎಂದು ಕೇಳುವವರಿದ್ದಾರೆ. ಸಾಮಾನು ಸಿಗದಿದ್ದಕ್ಕೆ ಹಾಗೆ ಮಾಡಿದರು, ಸಿಕ್ಕಿದ್ದರೆ ಮೇಸ್ತ್ರಿಯೇ ಮೂಲದ ಸಾಮಾನು ಹಾಕುತ್ತಿದ್ದ, ಹಾಗಾಗಿ ಈಗ ಸಿಗುವಾಗ ಹಾಕುವುದು ಅವನ ಇಚ್ಛೆಯನ್ನೇ ನಡೆಸಿದಂತೆ ಎಂಬುದು ಅವರ ವಾದ. ಇದರಲ್ಲಿ ಸತ್ಯವಿದೆ. ಎಲ್ಲ ತೇಪೆಯೂ ಕಲೆಯಲ್ಲ. ಅಡ್ಡಾದಿಡ್ಡಿ ವೆಲ್ಡಿಂಗ್ ಮಾಡಿದ ಚಾಸಿಯನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಬ್ರೇಕು, ಸ್ಟೇರಿಂಗು, ಪೆಟ್ರೋಲ್ ಪೈಪಿನ ವಿಷಯದಲ್ಲಿ ಸುರಕ್ಷತೆಯೇ ಮೊದಲು, ಚರಿತ್ರೆ ಆಮೇಲೆ. ಆದರೆ ಕೊರತೆಯಿಂದ ಹುಟ್ಟಿದ ಕೌಶಲ ಕೌಶಲವಲ್ಲ ಎನ್ನುವುದಾದರೆ ನಮ್ಮ ಕೃಷಿ, ಅಡುಗೆ, ಮನೆಕಟ್ಟುವ ವಿದ್ಯೆಗಳಲ್ಲಿ ಏನು ತಾನೆ ಉಳಿದೀತು? ಮೇಸ್ತ್ರಿಯ ಇಚ್ಛೆ ಏನಿತ್ತೆಂದು ಊಹಿಸುವುದಕ್ಕಿಂತ ಅವನು ಮಾಡಿಟ್ಟ ಕೆಲಸವನ್ನು ಓದುವುದು ಇತಿಹಾಸಕಾರನಿಗೆ ಹತ್ತಿರದ ದಾರಿ. ದೇಶಕ್ಕೆ ಯಾವ ವರ್ಷ ಏನು ಬರುವುದು ನಿಂತಿತು, ಇಂಧನ ಯಾವಾಗ ತುಟ್ಟಿಯಾಯಿತು, ಯಾವ ಬದಲಿ ಸಾಮಾನು ಕೈಗೆಟುಕಿತು ಎಂಬುದಕ್ಕೆಲ್ಲ ಆ ಕಾರಿನ ಹೊಟ್ಟೆಯೊಳಗೆ ಸಾಕ್ಷಿಯಿದೆ. ಕಾರ್ಖಾನೆಯ ದಿನಕ್ಕೆ ತಿರುಗಿಸಿದಾಗ ಮೊದಲು ಅಳಿಯುವುದು ಈ ಸಾಕ್ಷಿ.

ಎರಡನೆಯ ಆಕ್ಷೇಪಣೆ ಕಾನೂನಿನದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ಗುರುತಿಸುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕಷ್ಟೇ ರಸ್ತೆಗಿಳಿಯಬಹುದು. ಈಗಾಗಲೇ ನೋಂದಣಿಯಾದ ಕಾರು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಇದು ದೊಡ್ಡ ಉಪಕಾರ, ಏಕೆಂದರೆ ‘ಎಂವೈ’ ಎಂದು ಶುರುವಾಗುವ ಫಲಕ ಮೈಸೂರು ರಾಜ್ಯದ ಹೆಸರನ್ನು ಇನ್ನೂ ಹೊತ್ತಿದೆ. ಆದರೆ ಅದೇ ನಿಯಮ ವಾಹನ ತನ್ನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು ಎಂದೂ ಹೇಳುತ್ತದೆ. ಇದರ ಉದ್ದೇಶ ನ್ಯಾಯವಾದದ್ದೇ: ನಿನ್ನೆ ಮೊನ್ನೆ ಅಲ್ಲಿಂದಿಲ್ಲಿಂದ ಕೂಡಿಸಿದ ವಾಹನ ವಿಂಟೇಜ್ ವೇಷ ತೊಟ್ಟು ಬರಬಾರದು. ಆದರೆ ಐವತ್ತು ವರ್ಷದ ಹಿಂದೆಯೇ ಎಂಜಿನ್ ಬದಲಿಸಿಕೊಂಡ ಕಾರು ಮತ್ತು ಕಳೆದ ವರ್ಷ ಬದಲಿಸಿಕೊಂಡ ಕಾರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮೊದಲನೆಯದರಲ್ಲಿ ಬದಲಿ ಎಂಜಿನ್ನಿಗೇ ಅರ್ಧ ಶತಮಾನದ ವಯಸ್ಸಾಗಿದೆ, ಅದೂ ವಿಂಟೇಜೇ. ನಿಯಮಕ್ಕೆ ಈ ಒಂದು ವಿವೇಚನೆ ಸೇರಬೇಕು.

ಹೊರದೇಶಗಳಲ್ಲೂ ವಿಚಾರ ಈ ಕಡೆಗೇ ಹರಿದಿದೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನದು, ವಾಹನ ತನ್ನ ಬಾಳಿನುದ್ದಕ್ಕೂ ಕಂಡ ಬದಲಾವಣೆಗಳನ್ನು ಅದರ ಚರಿತ್ರೆಯ ಭಾಗವೆಂದೇ ಕಾಣುತ್ತದೆ. ಕ್ಯೂಬಾದಲ್ಲಿ ಅಮೆರಿಕದ ವ್ಯಾಪಾರ ನಿಂತ ಮೇಲೆ ಷೆವರ್ಲೆಗಳಿಗೆ ಸೋವಿಯತ್ ವಾಹನಗಳ ಎಂಜಿನ್ ಕೂರಿಸಿ ಓಡಿಸಿದರು; ಇಂದು ಹವಾನಾಕ್ಕೆ ಹೋದವರು ನೋಡಲು ಬಯಸುವುದು ಆ ಕಾರುಗಳನ್ನೇ. ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1925ರ ಆಸ್ಟಿನ್ ಕಾರೊಂದಿದೆ. ರಸ್ತೆಯ ಮೇಲೆ ಓಡುತ್ತಿದ್ದ ಆ ಕಾರಿಗೆ ಆಮೇಲೆ ರೈಲುಗಾಲಿ ಜೋಡಿಸಿ ಹಳಿಯ ಮೇಲೆ ಓಡಿಸಿದರು. ಆ ಗಾಲಿ ಬಿಚ್ಚಿ ಟೈರು ಹಾಕಿ ಕಾರ್ಖಾನೆಯ ರೂಪಕ್ಕೆ ತರಬೇಕೆಂದು ಯಾರಾದರೂ ಹೇಳಿದರೆ ಮೈಸೂರಿನ ಮಕ್ಕಳೂ ಒಪ್ಪಲಾರರು. ಅದು ಸಂಗ್ರಹಾಲಯದೊಳಗೆ ನಿಂತಿರುವುದೇ ಆ ಬದಲಾವಣೆಯ ದೆಸೆಯಿಂದ. ಡಾಡ್ಜ್‌ಗೂ ಷೆವರ್ಲೆಗೂ ಇದೇ ನ್ಯಾಯ ಸಲ್ಲಬೇಕು.

ಹಾಗಾದರೆ ಹಳೆಯ ಕಾರು ಹೊಂದಿದವರು ಏನು ಮಾಡಬೇಕು? ಮೂಲದ ಎಂಜಿನ್ ಸಿಕ್ಕಿದರೆ ಕೂರಿಸಲಿ, ಅದು ಅವರ ಸ್ವಾತಂತ್ರ್ಯ. ಕಳಚಿದ ಡೀಸೆಲ್ ಎಂಜಿನ್ನನ್ನು, ಅದನ್ನು ಹೊತ್ತು ನಿಲ್ಲಲು ಮೇಸ್ತ್ರಿ ಕೈಯಾರೆ ಕತ್ತರಿಸಿ ಮಾಡಿದ ಬ್ರಾಕೆಟ್ಟನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಇಟ್ಟುಕೊಳ್ಳಲಿ. ಬಣ್ಣದ ಪದರಗಳನ್ನು ಪೂರ್ತಿ ಕೆರೆಯುವ ಮುಂಚೆ ಬಾಗಿಲ ಒಳಬದಿಯಲ್ಲಿ ಅಂಗೈಯಗಲ ಹಾಗೇ ಬಿಡಲಿ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ‘ಪಯಣ’ ಸಂಗ್ರಹಾಲಯ ಈಗ ಹಳೆಯ ವಾಹನಗಳಿಗೆ ದೊಡ್ಡ ನೆಲೆ ಒದಗಿಸಿದೆ. ಇಂಥ ಕಡೆ ಕಾರಿನ ಪಕ್ಕದ ಫಲಕದಲ್ಲಿ ತಯಾರಿಕೆಯ ವರ್ಷ, ಅಶ್ವಶಕ್ತಿ, ಸಿಲಿಂಡರುಗಳ ಜೊತೆಗೆ ಜೋಡಿಸಿದ ಊರು, ಓಡಿದ ರಸ್ತೆ, ಬದಲಾದ ಭಾಗ, ಬದಲಿಸಿದವರ ಹೆಸರು ಕನ್ನಡದಲ್ಲಿ ಬರಬೇಕು. ಎಲ್ಲಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ವೈಟ್ ಮೆಟಲ್ ಎರೆದು ಕೈಯಿಂದ ಕೆರೆದು ಕೂರಿಸಬಲ್ಲವರು ಇಂದು ವಿರಳ, ಇರುವವರು ವಯಸ್ಸಾದವರು. ಅವರ ಬಳಿ ಕೂತು ಕೇಳಿ ಬರೆದುಕೊಳ್ಳಬೇಕು: ಲೋಹ ಎಷ್ಟು ಕಾದಾಗ ಎರೆಯುತ್ತಿದ್ದಿರಿ, ಕಾದದ್ದು ಸಾಕೆಂದು ಹೇಗೆ ತಿಳಿಯುತ್ತಿತ್ತು, ಕೆಲಸ ಕಲಿತದ್ದು ಯಾರ ಕೈಕೆಳಗೆ, ಡಾಡ್ಜ್‌ಗೆ ಹೊಂದುವ ಸಾಮಾನು ಯಾವ ವಾಹನದ್ದೆಂದು ಮೊದಲು ಕಂಡುಕೊಂಡವರು ಯಾರು?