ತರಬೇತಿ ಕೈಪಿಡಿಗಳ ಮೌಲ್ಯಮಾಪನ

ನೌಕರರಿಗೆ ಕೆಲಸ ಕಲಿಸಲು ಬಳಸುವ ಬರಹಗಳ ನಿಖರತೆ, ಸ್ಪಷ್ಟತೆ, ಉಪಯುಕ್ತತೆಗಳನ್ನು ಪರೀಕ್ಷಿಸುವ ಕ್ರಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ನಡೆದ ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’ (1940–45) ಕಾರ್ಯಕ್ರಮ ಇದಕ್ಕೆ ಗಟ್ಟಿಯಾದ ಅಳತೆಗೋಲು ಒದಗಿಸಿತು. ಕಲಿಸುವ ಮೇಲ್ವಿಚಾರಕರು ಪ್ರತಿ ಕೆಲಸಕ್ಕೂ ಒಂದು ಹಾಳೆ ಬರೆಯಬೇಕಿತ್ತು: ಒಂದು ಬದಿಗೆ ಮುಖ್ಯ ಹಂತಗಳು, ಎದುರಿಗೆ ಕೆಲಸ ಕೆಡದಂತೆ, ಕೈಗೆ ಪೆಟ್ಟಾಗದಂತೆ, ಶ್ರಮ ಹಗುರಾಗುವಂತೆ ಮಾಡುವ ಸೂಕ್ಷ್ಮಗಳು. ಅನುಭವಿಗಳು ಹೇಳಲು ಮರೆಯುವುದು ಈ ಸೂಕ್ಷ್ಮಗಳನ್ನೇ. ಆದ್ದರಿಂದ ಕೈಪಿಡಿಯ ನಿಜವಾದ ಪರೀಕ್ಷಕ ತಜ್ಞನಲ್ಲ, ಹೊಸಬ. ಅದನ್ನು ಹಿಡಿದು ಕೆಲಸ ಮಾಡುವಾಗ ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ಬರಹ ತಿದ್ದಬೇಕು. 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ತರಬೇತಿಯನ್ನು ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ ಎಂಬ ನಾಲ್ಕು ನೆಲೆಗಳಲ್ಲಿ ಅಳೆಯುವ ಕ್ರಮ ಮಂಡಿಸಿದರು; ಕೈಪಿಡಿಗಳನ್ನೂ ಇದೇ ನೆಲೆಗಳಲ್ಲಿ ಅಳೆಯಬಹುದು. ಹಲವು ಸಂಸ್ಥೆಗಳು ಮೊದಲನೆಯದಕ್ಕೇ ನಿಲ್ಲುವುದು ದೊಡ್ಡ ಕೊರತೆ. ಯಂತ್ರ ಬದಲಾದಾಗ ಕೈಪಿಡಿಯ ಮರುಪರಿಶೀಲನೆಯೂ ಕಡ್ಡಾಯ.